ಹುಳದ ಮನೆಯ ಮುಂದೆ ಹೊಗೆ

ನಾನು ಹುಟ್ಟಾ ಪುಕ್ಕಲಿ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ನಾಯಿ ಮಲಗಿದ್ದರೆ ಹಿಂದಿನ ಓಣಿ ಸುತ್ತಿಕೊಂಡು ಶಾಲೆಗೆ ಹೋಗುತ್ತಿದ್ದವಳು. ಗುಡುಗಿದರೆ ಅಮ್ಮನ ಸೆರಗು, ಕರೆಂಟು ಹೋದರೆ ಅಪ್ಪನ ಪಂಚೆ. ಅಂಥವಳಿಗೆ ಸಿಕ್ಕ ಕೆಲಸ ನೋಡಿ: ಗುರುತಿಲ್ಲದ ಊರಿಗೆ ಹೋಗಬೇಕು, ಗುರುತಿಲ್ಲದವರ ಜಗಲಿಯ ಮೇಲೆ ಕೂರಬೇಕು, ನಿಮ್ಮ ಬದುಕು ಹೇಗೆ ಬದಲಾಗಿದೆ ಎಂದು ಕೇಳಬೇಕು. ಹೆದರುವವರ ಮೇಲೆ ಹಾವು ಎಸೆದ ಹಾಗೆ. ಹೆದರಿಕೆ ಜಾಸ್ತಿಯಾದಾಗ ನನಗೆ ಸಿಟ್ಟು ಬರುತ್ತದೆ. ಇದು ತಿಳಿಯದವರು ನನ್ನನ್ನು ಗಟ್ಟಿಗಿತ್ತಿ ಎಂದುಕೊಂಡಿದ್ದಾರೆ. ಅವರು ಹಾಗೇ ಅಂದುಕೊಂಡಿರಲಿ.

ಆಗ ನಾವು ಮೂರು ಜನ ಒಂದು ಸಂಶೋಧನೆಯಲ್ಲಿದ್ದೆವು. ಹಳ್ಳಿಗಳು ಹೇಗೆ ಬದಲಾಗುತ್ತವೆ, ಬದಲಾಗುವಾಗ ಏನನ್ನು ಕಟ್ಟಿಕೊಂಡು ಹೋಗುತ್ತವೆ, ಏನನ್ನು ಬಿಟ್ಟು ಹೋಗುತ್ತವೆ ಎಂದು ಬೇರೆ ಬೇರೆ ವಿದ್ಯೆಯವರು ಒಟ್ಟಿಗೆ ಕೂತು ನೋಡುವ ಕೆಲಸ. ಅರ್ಥಶಾಸ್ತ್ರದ ಹಿರಿಯ ಮೇಡಂ ನಮಗೆಲ್ಲ ಮುಖ್ಯಸ್ಥೆ. ಇನ್ನೊಬ್ಬರು ಆರೋಗ್ಯದ ಡಾಕ್ಟರು, ಬೆಂಗಳೂರಿನವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನಾನು ಸಮಾಜಶಾಸ್ತ್ರ ಓದಿದವಳು. ರಾಮನಗರದಲ್ಲಿ, ರೇಷ್ಮೆ ಗೂಡಿನ ಮಾರುಕಟ್ಟೆಯಿಂದ ಸ್ವಲ್ಪ ದೂರದಲ್ಲಿ ನಮಗೊಂದು ಬಾಡಿಗೆ ರೂಮು. ಕಿಟಕಿ ತೆಗೆದರೆ ಗೂಡು ಬೇಯಿಸುವ ವಾಸನೆ. ಡಾಕ್ಟರಿಗೆ ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಅವರೇ ಅದಕ್ಕೆ ಒಗ್ಗಿಕೊಂಡರು.

ಆ ರೂಮಿನ ಗೋಡೆಯ ಮೇಲೆ ಮೂರು ನಕಾಶೆಗಳಿದ್ದವು. ಮೂರೂ ಒಂದೇ ಊರಿನವು. ಮೇಡಮ್ಮಿನದರಲ್ಲಿ ಯಾರ ಮನೆಯಿಂದ ಯಾರು ಬಿಡದಿಯ ಕಾರ್ಖಾನೆಗೆ ಹೋಗುತ್ತಾರೆ ಎಂದು ಗುರುತು ಹಾಕಿತ್ತು. ಡಾಕ್ಟರದರಲ್ಲಿ ನೀರಿನ ತೊಟ್ಟಿ, ಡ್ರಮ್ಮು, ಎಲ್ಲೆಲ್ಲಿ ಸೊಳ್ಳೆ ಮರಿಗಳಿವೆ ಎಂದು ಕೆಂಪು ಚುಕ್ಕೆ. ನನ್ನದರಲ್ಲಿ ಮೊದಲು ಎಷ್ಟು ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು, ಈಗ ಎಷ್ಟು ಉಳಿದಿವೆ ಎಂದು; ಉಳಿದ ಮನೆಗೆ ಹಸಿರು ಚುಕ್ಕೆ. ದಿನಾ ಅವುಗಳ ಕೆಳಗೇ ಕೂತು ನಾವು ಕಾಫಿ ಕುಡಿಯುತ್ತಿದ್ದೆವು. ಒಂದನ್ನು ಇನ್ನೊಂದರ ಮೇಲಿಟ್ಟು ನೋಡಬೇಕು ಎಂದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ. ಎಲ್ಲ ವಿದ್ಯೆಗಳನ್ನೂ ಕೂಡಿಸಿ ನೋಡುತ್ತೇವೆ ಎಂದು ಬರೆದುಕೊಟ್ಟು ಬಂದವರು ನಾವು.

ಊರು ಮಾಗಡಿ ತಾಲ್ಲೂಕಿನದು, ಕಲ್ಯದಿಂದ ದೂರವೇನಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆರೆ, ನಡುವೆ ರಾಗಿ ಹೊಲ ಮತ್ತು ಹಿಪ್ಪುನೇರಳೆ ತೋಟ. ಮೊದಲು ಹೋದಾಗ ನಮ್ಮನ್ನು ಕಂಡು ಜನ ಹೆದರಿದರು. ಕಾರ್ಖಾನೆಗೆಂದು ಭೂಮಿ ಅಳೆಯುವವರು ಬಂದರು ಎಂದು ಸುದ್ದಿಯಾಯಿತು. ಬಿಡದಿಯ ಸುತ್ತಮುತ್ತ ಎಷ್ಟೋ ಊರಿನವರು ಆ ಹೆದರಿಕೆಯಲ್ಲೇ ಮಲಗಿ ಏಳುತ್ತಾರೆ. ನಾನು ಅವರಿಗೆ ಹೆದರಿ, ಅವರು ನನಗೆ ಹೆದರಿ, ಒಂದು ತಿಂಗಳು ಅದರಲ್ಲೇ ಹೋಯಿತು. ಕೊನೆಗೆ ‘ಸರ್ವೆ ಮೇಡಮ್ಮು’ ಎಂಬ ಹೆಸರು ನಿಂತಿತು. ಸರ್ವೆ ಅಲ್ಲ, ಸಂಶೋಧನೆ ಎಂದು ತಿದ್ದಲು ಹೋಗಿ ನಾನೇ ಸುಸ್ತಾದೆ.

ಮೇಡಮ್ಮಿಗೆ ಒಂದು ಆಸೆ. ಮನೆಯ ಹೆಂಗಸು ದಿನದಲ್ಲಿ ಏನೇನು ದುಡಿಯುತ್ತಾಳೆ ಎಂದು ಅವಳ ಜೊತೆಗೇ ಇದ್ದು ನೋಡಬೇಕು, ಕೇಳಿ ಬರೆದುಕೊಂಡರೆ ಸಾಲದು. ಹಾಗೆ ನನ್ನ ಪಾಲಿಗೆ ಬಂದವಳು ಅವಳು. ಹೆಸರು ಬೇಡ. ಗಂಡ ಬಿಡದಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದ. ಕಂಪನಿ ಬಸ್ಸು ಹತ್ತಿ ಹೋದರೆ ಬರುವುದು ಯಾವಾಗಲೋ. ಮನೆಯಲ್ಲಿ ಮಾವ, ಬೇರೆಯಾಗಿ ಪಕ್ಕದಲ್ಲೇ ಇರುವ ಭಾವ, ಗಂಡನ ಅಣ್ಣ. ಮನೆಯ ಮಗ್ಗುಲಿಗೆ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ, ಬೀದಿಯ ಕಡೆಗೆ, ಹೆಂಚಿನ ಹುಳದ ಮನೆ. ಅಲ್ಲಿಗೆ ಅವಳೇ ಯಜಮಾನಿ. ಸೊಪ್ಪು ಕೊಯ್ಯುವುದರಿಂದ ಹಿಡಿದು ಗೂಡನ್ನು ರಾಮನಗರಕ್ಕೆ ಸಾಗಿಸುವವರೆಗೆ ಎಲ್ಲ ಅವಳದೇ. ಮನೆಯೊಳಗೆ ಸೊಂಟ ಬಗ್ಗಿಸಿ ಮೆಲ್ಲಗೆ ಮಾತಾಡುವವಳು ಹುಳದ ಮನೆಯೊಳಗೆ ಹೋದರೆ ನೆಟ್ಟಗೆ ನಿಲ್ಲುತ್ತಿದ್ದಳು. ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಹಿಂದಿನ ಬೆಳೆ ಸುಣ್ಣಕಟ್ಟು ರೋಗ ಬಂದು ಹೋಗಿತ್ತು. ಹುಳಗಳು ಬೆಳ್ಳಗೆ ಸೀಮೆಸುಣ್ಣದ ತುಂಡಿನ ಹಾಗೆ ಸೆಟೆದುಕೊಂಡು ಬಿದ್ದಿದ್ದವಂತೆ. ಅಂದಿನಿಂದ ಭಾವ ಒಂದೇ ಹಟ ಹಿಡಿದಿದ್ದ. ತೋಟ ಕೀಳಿಸೋಣ, ಕಾರ್ಖಾನೆಯ ಹುಡುಗರಿಗೆ ಬಾಡಿಗೆ ರೂಮು ಕಟ್ಟಿಸೋಣ. ಮಾವ ಎರಡು ಕಡೆಗೂ ಬಾಗದೆ ಜಗಲಿಯ ಕಂಬಕ್ಕೆ ಒರಗಿ ಕೂತು ಒಂದು ತೀರ್ಮಾನ ಕೊಟ್ಟರು. ನಾನೂ ಅಲ್ಲೇ ಇದ್ದೆ.

"ಈ ಬೆಳೆ ಎದ್ರೆ ತ್ವಾಟ ಇರ್ಲಿ. ಬಿದ್ರೆ ಕಿತ್ತಾಕ್ಬುಡಾದೆಯ. ಇನ್ನೊಂದ್ ಮಾತಿಲ್ಲ."

ಅವಳು ತಲೆಯಾಡಿಸಿ ಒಳಗೆ ಹೋದಳು. ಸೌದೆ ಒಲೆಯ ಮುಂದೆ ಕೂತು ಸುಮ್ಮನೆ ಬೆಂಕಿ ಊದುತ್ತಿದ್ದಳು. ಬೆಂಕಿ ಆಗಲೇ ಹತ್ತಿಕೊಂಡಿತ್ತು.

ಹುಳ ಸಾಕುವ ಊರಿನಲ್ಲಿ ಒಂದು ಕಟ್ಟುಪಾಡಿದೆ. ಹೊರಗಿನವರು ಬಾಗಿಲಿಗೆ ಬಂದಾಗ ಒಳಗಿನಿಂದ ‘ಹುಳ ಅವೆ’ ಎಂದರೆ ಮುಗಿಯಿತು. ಬಂದವರು ನೆಂಟರಾಗಲಿ, ಸಾಹೇಬರಾಗಲಿ, ಯಾಕೆ ಏನು ಎಂದು ಕೇಳದೆ ಅಲ್ಲಿಂದಲೇ ಹಿಂದೆ ಸರಿಯಬೇಕು. ಹುಳ ದೊಡ್ಡದಾಗಿರುವಾಗ ಅಕ್ಕಪಕ್ಕದ ಹೊಲಕ್ಕೆ ಔಷಧಿ ಹೊಡೆಯುವಂತಿಲ್ಲ, ಹತ್ತಿರದಲ್ಲಿ ಹೊಗೆಸೊಪ್ಪು ಒಣಗಿಸುವಂತಿಲ್ಲ, ಸೊಳ್ಳೆ ಬತ್ತಿ ಹಚ್ಚುವಂತಿಲ್ಲ. ಹಿಂದೆ ಮದುವೆಯ ಪಟಾಕಿಯನ್ನೂ ಊರಾಚೆ ಹೊಡೆಯುತ್ತಿದ್ದರಂತೆ. ಯಾಕೆಂದರೆ ಆಗ ಮನೆಮನೆಯಲ್ಲೂ ಹುಳ. ಒಬ್ಬರದು ಕೆಟ್ಟರೆ ನಾಳೆ ನಮ್ಮದು ಎಂಬ ಹೆದರಿಕೆ ಎಲ್ಲರಿಗೂ ಸಮನಾಗಿತ್ತು. ನಾವು ಹೋದ ಹೊತ್ತಿಗೆ ಆ ಬೀದಿಯಲ್ಲಿ ಹುಳ ಉಳಿದಿದ್ದುದು ಇವಳೊಬ್ಬಳ ಮನೆಯಲ್ಲಿ.

ನನ್ನನ್ನು ಒಳಗೆ ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಮಾವ ಹೂಂ ಅಂದಮೇಲೆ ಒಪ್ಪಿದಳು. ಹೊಸ್ತಿಲಿನ ಮುಂದೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿದ ಗೋಣಿಚೀಲ. ಅದರ ಮೇಲೆ ಕಾಲಿಟ್ಟು, ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿ ಹೋಗಬೇಕು. ಪೌಡರು, ಸೆಂಟು, ಕೈಗೆ ಹಚ್ಚುವ ಸೊಳ್ಳೆ ಮುಲಾಮು ಯಾವುದೂ ಕೂಡದು. ಡಾಕ್ಟರು ನಮಗೆಲ್ಲ ಕೊಟ್ಟಿದ್ದ ಮುಲಾಮಿನ ಕೊಳವೆಯನ್ನು ನಾನು ಅಂದೇ ರಾಮನಗರದ ರೂಮಿನ ಕಿಟಕಿಯಲ್ಲಿ ಇಟ್ಟುಬಿಟ್ಟೆ. ಹುಳ ಚೆನ್ನಾಗಿವೆ ಎಂದು ಬಾಯಿಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ. ಇದನ್ನು ಅವಳು ನನಗೆ ಮೂರು ಮೂರು ಸಲ ಹೇಳಿದಳು. ಸಮಾಜಶಾಸ್ತ್ರ ಓದಿದ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಹುಳ ಪೊರೆ ಬಿಡುವುದಕ್ಕೆ ಅವರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತಾಗ ಹುಳ ತಿನ್ನುವುದಿಲ್ಲ, ತಲೆ ಎತ್ತಿ ಅಲ್ಲಾಡದೆ ನಿಂತಿರುತ್ತದೆ. ಆಗ ಅವಳೂ ಸರಿಯಾಗಿ ತಿನ್ನುತ್ತಿರಲಿಲ್ಲ. ಕೊನೆಯದಾದ ನಾಲ್ಕನೇ ಜ್ವರ ಎದ್ದು ಹುಳ ಮೇವಿಗೆ ಬಿದ್ದ ದಿನ ಒಳಗೆಲ್ಲ ಒಂದು ಸದ್ದು, ತರಗತಿ ತುಂಬ ಮಕ್ಕಳು ಸ್ಲೇಟಿನ ಮೇಲೆ ಬರೆಯುತ್ತಿರುವ ಹಾಗೆ. ಅವಳು ಹಿಪ್ಪುನೇರಳೆಯ ಕಡ್ಡಿಸೊಪ್ಪನ್ನು ಅಡ್ಡಡ್ಡಲಾಗಿ ಹಾಸುತ್ತಾ ಹೋದಳು, ನಾನು ಹಿಂದೆ ಹಿಂದೆ ಹೊರೆ ಎತ್ತಿಕೊಟ್ಟೆ. ನೋಡಲು ಬಂದವಳು ಕೆಲಸಕ್ಕೆ ಇಳಿದದ್ದು ಮೇಡಮ್ಮಿಗೆ ಗೊತ್ತಾದರೆ ಬೈಯುತ್ತಿದ್ದರು. ಈ ಬೆಳೆ ಎದ್ದರೆ ಸಾಕು ದೇವರೇ ಎಂದು ನಾನೂ ಒಳಗೊಳಗೇ ಬೇಡಿಕೊಳ್ಳಲು ಶುರು ಮಾಡಿದ್ದೆ. ಅಷ್ಟು ದಿನದಲ್ಲಿ ಅವಳ ಹೆದರಿಕೆ ನನಗೂ ಅಂಟಿಕೊಂಡಿತ್ತು.

ಅದೇ ವಾರ ಎದುರು ಮನೆಯ ಹುಡುಗಿಗೆ ಜ್ವರ ಬಂತು. ಶಾಲೆಗೆ ಹೋಗುವ ಹುಡುಗಿ, ದಿನಾ ಇವಳ ಜಗಲಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದವಳು. ಮೊದಲು ಮಾಮೂಲಿ ಜ್ವರ ಎಂದರು, ಆಮೇಲೆ ಡೆಂಗಿ ಎಂದರು. ರಾಮನಗರದ ಆಸ್ಪತ್ರೆಗೆ ಸೇರಿಸಿದರು. ನಮ್ಮ ಡಾಕ್ಟರು ಆಸ್ಪತ್ರೆಗೆ ಎರಡು ಹೊತ್ತು ಹೋಗಿ ಬರುತ್ತಿದ್ದರು. ಒಂದು ದಿನ ಬಂದು ಮೇಜಿನ ಮುಂದೆ ಕೂತರು. ಊರಿನ ತೊಟ್ಟಿಗಳಲ್ಲಿ ಸೊಳ್ಳೆ ಮರಿ ಇರುವುದು ನನಗೆ ಮೊದಲೇ ಗೊತ್ತಿತ್ತು, ಬರೆದುಕೊಂಡು ಸುಮ್ಮನಿದ್ದೆ ಎಂದು ತಲೆ ಹಿಡಿದುಕೊಂಡರು. ಮಾರನೆಯ ಬೆಳಿಗ್ಗೆ ಎದ್ದು ಸೀದಾ ಪಂಚಾಯ್ತಿಗೆ ಹೋಗಿ, ಊರಿಗೆಲ್ಲ ಸೊಳ್ಳೆ ಔಷಧಿಯ ಹೊಗೆ ಹೊಡೆಸಿ ಎಂದು ಕೈಮುಗಿದು ಹೇಳಿ ಬಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಆಗ ಹುಳದ ಮನೆಯಲ್ಲಿ ಸೊಪ್ಪು ಹಾಕುತ್ತಿದ್ದೆ.

ಸಂಜೆ ಬಿಸಿಲು ಇಳಿಯುತ್ತಿತ್ತು. ಬೀದಿಯ ಆ ತುದಿಯಿಂದ ಒಂದು ಸದ್ದು ಬಂತು, ಸೈಲೆನ್ಸರ್ ಕಿತ್ತ ಮೋಟಾರ್ ಸೈಕಲ್ಲಿನ ಸದ್ದು. ಅವಳು ಸೊಪ್ಪಿನ ಹೊರೆ ಕೆಳಗಿಟ್ಟು ಕಿವಿಗೊಟ್ಟಳು. ಹೊರಗೆ ಬಂದು ನೋಡಿದರೆ ಬೀದಿಯ ತುದಿಯ ಮನೆಗಳೇ ಕಾಣುತ್ತಿರಲಿಲ್ಲ. ಬೆಳ್ಳಗೆ, ದಪ್ಪಗೆ, ನೆಲಕ್ಕೆ ಅಂಟಿಕೊಂಡು ಹೊಗೆ ಬರುತ್ತಿತ್ತು. ಅದರ ಮುಂದೆ ಬಾಯಿಗೆ ಕರ್ಚೀಫು ಕಟ್ಟಿದ ಒಬ್ಬ ಆಳು, ಹೆಗಲಿಗೆ ನೇತುಹಾಕಿದ ಮಿಷನ್ನು. ಸೀಮೆಎಣ್ಣೆಯಂಥ ಘಾಟು. ಸೊಳ್ಳೆ ಬತ್ತಿಗೇ ಸಾಯುವ ಹುಳಕ್ಕೆ ಇದು ಏನು ಮಾಡುತ್ತದೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಬೀದಿಯ ನಡುವೆ ಹೋಗಿ ನಿಂತಳು. ಎರಡೂ ಕೈ ಅಗಲಿಸಿ, ಅವಳ ಅಜ್ಜಿ, ಅತ್ತೆ ಎಲ್ಲ ಯಾವ ದನಿಯಲ್ಲಿ ಹೇಳುತ್ತಿದ್ದರೋ ಅದೇ ದನಿಯಲ್ಲಿ ಹೇಳಿದಳು.

"ಹುಳ ಅವೆ."

ಆಳು ನಿಲ್ಲಲಿಲ್ಲ. ಮಿಷನ್ನಿನ ಸದ್ದಿಗೆ ಕೇಳಿಸಿರಲಾರದು. ಅವಳು ಇನ್ನೊಮ್ಮೆ ಹೇಳಿದಳು. ಅವನು ಹತ್ತಿರ ಬಂದು ಮಿಷನ್ನು ಆರಿಸಿ, ಕರ್ಚೀಫು ಇಳಿಸಿದ. ಕೆಟ್ಟವನಲ್ಲ. ಊರೆಲ್ಲ ಹೊಡೆಯಬೇಕು ಎಂದು ಹೇಳಿ ಕಳಿಸಿದ್ದಾರೆ, ಒಂದು ಮನೆ ಬಿಟ್ಟರೂ ನಾಳೆ ಮತ್ತೆ ಬರಬೇಕಾಗುತ್ತದೆ ಎಂದ. ಹುಳದ ಮನೆ ಇದೆ ಎಂದು ಯಾರೂ ಹೇಳಲಿಲ್ಲವೇ ಎಂದು ನಾನು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಹೊಡ್ಸಿ ಅಂತ ಹೇಳ್ದೋರು ನಿಮ್ಮೋರೇ ಅಲ್ವಾ ಮೇಡಮ್ಮೋರೇ? ಸರ್ವೆ ಡಾಕ್ಟ್ರು?"

ಅವಳು ನನ್ನ ಕಡೆ ತಿರುಗಿದಳು. ನಕಾಶೆಗಳು ಆಗ ನೆನಪಾದವು. ಡಾಕ್ಟರ ಕೆಂಪು ಚುಕ್ಕೆಗಳು ಒತ್ತೊತ್ತಾಗಿದ್ದುದು ಇದೇ ಬೀದಿಯಲ್ಲಿ. ನನ್ನ ಹಸಿರು ಚುಕ್ಕೆ ಒಂದೇ ಒಂದು ಇದ್ದುದೂ ಇಲ್ಲೇ.

ಅಷ್ಟರಲ್ಲಿ ಜನ ಸೇರಿದರು. ಹಿಂದಿನ ಕಾಲವಾಗಿದ್ದರೆ ಅರ್ಧ ಬೀದಿ ಅವಳ ಪಕ್ಕ ನಿಲ್ಲುತ್ತಿತ್ತು ಎಂದು ನನಗೆ ಅನಿಸುತ್ತದೆ. ಅಂದು ಯಾರೂ ನಿಲ್ಲಲಿಲ್ಲ. ಹೊಡೆಯಲಿ ಬಿಡು, ಸೊಳ್ಳೆ ಕಾಟ ತಡೆಯೋಕಾಗಲ್ಲ ಎಂದರು. ಎದುರು ಮನೆಯ ಹುಡುಗಿಯ ತಾಯಿ ಆಸ್ಪತ್ರೆಗೆ ಬಟ್ಟೆಬರೆ ಒಯ್ಯಲು ಅಂದೇ ಬಂದಿದ್ದಳು. ಕೈಯಲ್ಲಿ ಮಗಳ ಲಂಗ, ಒಂದು ಹೊದಿಕೆ. ಹೊಸ್ತಿಲು ದಾಟಿ ಬಂದು ಇವಳ ಮುಂದೆ ನಿಂತಳು. ಎಷ್ಟೋ ದಿನದಿಂದ ನಿದ್ದೆ ಇಲ್ಲದ ಕಣ್ಣು. ದನಿ ಏರಿಸಲಿಲ್ಲ.

"ನಿನ್ ಹುಳ ದೊಡ್ಡವೋ, ನನ್ ಮಗಳು ದೊಡ್ಡೋಳೋ? ಅದೊಂದು ಹೇಳ್ಬುಡು ತಾಯಿ."

ಅತ್ತ ದರಿ, ಇತ್ತ ಪುಲಿ. ಇವಳ ಕೈ ಮೆಲ್ಲಗೆ ಕೆಳಗಿಳಿಯಿತು. ಆಳಿನ ಕಡೆ ತಿರುಗಿದಳು.

"ಒಸಿ ತಡಿಯಪ್ಪ. ಬಾಗ್ಲು ಮುಚ್ಕತ್ತೀನಿ. ಆಮೇಕೆ ಹೊಡಿ."

ಅವನು ತಡೆದ. ಅವನ ಒಳ್ಳೆಯತನಕ್ಕೆ ನಾನು ಇವತ್ತೂ ಕೈಮುಗಿಯುತ್ತೇನೆ. ನಾವಿಬ್ಬರೂ ಓಡಿದೆವು. ಮನೆಯಲ್ಲಿದ್ದ ಗೋಣಿಚೀಲ, ಹಳೆಯ ಸೀರೆ, ಅವಳ ಗಂಡನ ಲುಂಗಿ, ಸಿಕ್ಕಿದ್ದೆಲ್ಲ ತೊಟ್ಟಿಯಲ್ಲಿ ಅದ್ದಿ ಕಿಟಕಿಗೆ, ಗಾಳಿಕಿಂಡಿಗೆ, ಬಾಗಿಲ ಸಂದಿಗೆ ತುರುಕಿದೆವು. ಮಾವ ಏಣಿ ತಂದು ಹೆಂಚಿನ ಅಂಚಿಗೆ ಒದ್ದೆ ಚೀಲ ಹೊದಿಸಿದರು. ಕೊನೆಗೆ ಅವಳೂ ನಾನೂ ಒಳಗೆ ಉಳಿದು ಬಾಗಿಲು ಹಾಕಿಕೊಂಡೆವು.

ಒಳಗೆ ಕತ್ತಲು, ಸೆಕೆ. ಹುಳ ತಿನ್ನುವ ಸದ್ದು ಮಾತ್ರ ನಡೆದೇ ಇತ್ತು. ಹೊರಗೆ ಮಿಷನ್ನು ಮತ್ತೆ ಶುರುವಾಯಿತು. ದೂರ, ಹತ್ತಿರ, ಇನ್ನೂ ಹತ್ತಿರ. ಗೋಡೆಯ ಆಚೆಗೇ ಬಂತು. ಅವಳು ನನ್ನ ಮಣಿಕಟ್ಟು ಹಿಡಿದಿದ್ದಳು, ಬಳೆ ಒಡೆದು ಚುಚ್ಚಿದ್ದು ಇಬ್ಬರಿಗೂ ತಿಳಿಯಲಿಲ್ಲ. ಹೆಂಚಿನ ಸಂದಿಯಲ್ಲಿ ಬೆಳಕಿನ ಒಂದು ಕೋಲು ಬೀಳುತ್ತಿತ್ತು. ಆ ಕೋಲಿನೊಳಗೆ ಹೊಗೆಯ ಎಳೆಯೊಂದು ಇಳಿಯುವುದನ್ನು ನಾನು ನೋಡಿದೆ. ಅವಳೂ ನೋಡಿದಳು. ತನ್ನ ಸೆರಗನ್ನು ಕಿತ್ತು, ಎರಡು ಕೈಯಲ್ಲಿ ಹಿಡಿದು, ಆ ಹೊಗೆಯನ್ನು ಬೀಸಿ ಬೀಸಿ ದೂಡುತ್ತಿದ್ದಳು. ನಾನು ಬದುಕಿನಲ್ಲಿ ಬಹಳ ಸಲ ಹೆದರಿದ್ದೇನೆ. ಅಷ್ಟು ಹೆದರಿದ್ದು ಅದೊಂದೇ ಸಲ, ಅದೂ ನನ್ನದಲ್ಲದ ಹುಳಕ್ಕೆ.

ಸದ್ದು ದೂರ ಹೋಗಿ ಹೊಗೆ ಅಡಗಿದ ಮೇಲೆ ಗಾಳಿಗೆ ಬಾಗಿಲು ತೆಗೆದೆವು. ಗಾಳಿಕಿಂಡಿಯ ಪಕ್ಕದ ಹುಳಗಳು ಆಗಲೇ ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಹಸಿರು ರಸ ಕಕ್ಕಿ ಮುದುಡಿಕೊಂಡವು. ಅವಳು ಅವನ್ನೆಲ್ಲ ಆರಿಸಿ ಬುಟ್ಟಿಗೆ ಹಾಕಿದಳು. ಉಳಿದವು ತಿನ್ನುತ್ತಿದ್ದವು. ಆದರೆ ಏನನ್ನು ಹಾಕುವುದು? ಬೀದಿಯ ಪಕ್ಕದ ತೋಟಕ್ಕೂ ಹೊಗೆ ಕೂತಿತ್ತು. ಆ ಸೊಪ್ಪು ಹಾಕಿದರೆ ನಾವೇ ವಿಷ ಉಣಿಸಿದ ಹಾಗೆ. ಹಾಕದಿದ್ದರೆ, ಹಸಿದ ಹುಳ ಗೂಡು ಕಟ್ಟುವುದಿಲ್ಲ.

ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಒಂದಕ್ಕೂ ಎದುರು ಹೇಳದೆ ಕೇಳಿಸಿಕೊಂಡು, ‘ಎಂಥ ಸೊಪ್ಪು ಬೇಕು’ ಎಂದರು. ಮೇಡಮ್ಮು ಫೋನು ಇಸಿದುಕೊಂಡರು. ನಾವು ನೋಡುವುದಕ್ಕೆ ಬಂದವರು, ಕೈ ಹಾಕುವುದಕ್ಕಲ್ಲ, ಈಗ ಸೊಪ್ಪು ತಂದುಕೊಟ್ಟರೆ ಆ ಮನೆಯ ಲೆಕ್ಕ ನಮ್ಮ ಅಧ್ಯಯನಕ್ಕೆ ಉಪಯೋಗವಿಲ್ಲ ಎಂದು ತಣ್ಣಗೆ ಹೇಳಿದರು. ಹೊಗೆ ಹೊಡೆಸುವಾಗ ಕೈ ಹಾಕಿದ ಹಾಗೆ ಆಗಲಿಲ್ಲವೇ ಎಂದು ಕೇಳಿದೆ. ಹಾಗಾದರೆ ಡಾಕ್ಟರು ನಮ್ಮ ಜೀಪು ತೆಗೆದುಕೊಂಡು ಹೋಗಲಿ ಎಂದರು. ಅವರು ಕಲ್ಲುಮನಸ್ಸಿನವರಲ್ಲ, ತಮ್ಮ ವಿದ್ಯೆಗೆ ನಿಷ್ಠರಾದವರು. ಅಂದು ನನಗೆ ಅದು ಕಾಣಲಿಲ್ಲ.

ಡಾಕ್ಟರು ಕಲ್ಯದ ಆಚೆಯ ತೋಟಗಳನ್ನೆಲ್ಲ ಸುತ್ತಿ, ಸಿಕ್ಕಷ್ಟು ಕಡ್ಡಿಸೊಪ್ಪು ಜೀಪಿನ ಹಿಂದೆ ತುಂಬಿಕೊಂಡು ಬರತೊಡಗಿದರು. ಹುಳದ ಮನೆಯಿಂದ ದೂರದಲ್ಲೇ ನಿಲ್ಲಿಸಿ, ಕೈಕಟ್ಟಿ ನಿಂತಿರುತ್ತಿದ್ದರು. ಅವಳೂ ಅವರನ್ನು ಬೈಯಲಿಲ್ಲ. ಮಗುವಿಗೆ ಹೇಗಿದೆ ಎಂದು ಮಾತ್ರ ಕೇಳುತ್ತಿದ್ದಳು. ದಿನಾ ಹೊರೆ ಇಳಿಸಿಕೊಳ್ಳುವ ಮೊದಲು ಅದನ್ನೇ ಕೇಳುತ್ತಿದ್ದಳು.

ಆ ವಾರವನ್ನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ರಾಮನಗರದಿಂದ ಊರಿಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ. ಬಾಗಿಲು ತೆಗೆದಾಗ ಸ್ಲೇಟಿನ ಸದ್ದು ಕೇಳದಿದ್ದರೆ? ಮನೆಗೆಂದು ಚನ್ನಪಟ್ಟಣದ ಬಸ್ಸು ಹತ್ತಿದ ಭಾನುವಾರ, ಕೆಂಗಲ್ ಬಂದಾಗ ಆಂಜನೇಯನಿಗೆ ಕಿಟಕಿಯಿಂದಲೇ ಕೈಮುಗಿದೆ. ಎರಡು ಹರಕೆ ಹೊತ್ತೆ. ಒಂದು ಹುಡುಗಿಗೆ, ಒಂದು ಹುಳಕ್ಕೆ. ಯಾವುದನ್ನು ಮೊದಲು ಹೇಳಿಕೊಂಡೆ ಎಂದು ಈಗ ಯೋಚಿಸಿದರೆ ನನಗೆ ಮುಜುಗರವಾಗುತ್ತದೆ.

ಹುಡುಗಿ ಮನೆಗೆ ಬಂದಳು. ಕೆನ್ನೆ ಒಳಕ್ಕೆ ಹೋಗಿತ್ತು, ಆದರೆ ಬಂದಳು. ಅದರ ಮಾರನೆಯ ಬೆಳಿಗ್ಗೆಯೇ ಹುಳ ಹಣ್ಣಾಗತೊಡಗಿದವು. ಹಣ್ಣಾದ ಹುಳ ತಿನ್ನುವುದು ಬಿಟ್ಟು, ಮೈ ಪಾರದರ್ಶಕವಾಗಿ, ತಲೆ ಎತ್ತಿ ಗೂಡಿಗೆ ಜಾಗ ಹುಡುಕುತ್ತದೆ. ತಕ್ಷಣ ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ ಬಿಡಬೇಕು. ತಡವಾದರೆ ಎಲ್ಲೆಂದರಲ್ಲಿ ನೂಲು ಕಕ್ಕಿ ಹಾಳಾಗುತ್ತದೆ. ಅದು ಒಬ್ಬಿಬ್ಬರ ಕೆಲಸವಲ್ಲ. ಹಿಂದೆ ಹುಳ ಹಣ್ಣಾಯಿತು ಎಂದರೆ ಬೀದಿಯ ಹೆಂಗಸರೆಲ್ಲ ಕರೆಯದೆಯೇ ಬರುತ್ತಿದ್ದರಂತೆ. ಅಂದು ಯಾರೂ ಬರಲಿಲ್ಲ. ಅವಳು, ನಾನು, ನಡುಗುವ ಕೈಯ ಮಾವ, ಮೂವರೇ. ಆರಿಸಿದಷ್ಟೂ ಹಿಂದೆ ಹಣ್ಣಾಗುತ್ತಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುತ್ತದೆ ಎಂದು ನನಗೆ ಅಳು ಬಂತು.

ಆಗ ಬಾಗಿಲಲ್ಲಿ ನೆರಳು ಕಂಡಿತು. ಹುಡುಗಿಯ ತಾಯಿ. ಒಳಗೆ ಬರಲಿಲ್ಲ. ಗೋಣಿಚೀಲದ ಮೇಲೆ ನಿಂತು, ಎರಡೂ ಕಾಲನ್ನು ಚೆನ್ನಾಗಿ ಅದ್ದಿಕೊಂಡಳು. ಅವಳೂ ಒಂದು ಕಾಲದಲ್ಲಿ ಹುಳ ಸಾಕಿದವಳೇ. ಇವಳು ತಲೆ ಎತ್ತಿ ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಇಬ್ಬರೂ ಆ ದಿನವೆಲ್ಲ ಭುಜಕ್ಕೆ ಭುಜ ತಾಗಿಸಿ ಹುಳ ಆರಿಸಿದರು.

ಗೂಡು ಕಟ್ಟಿದವು. ಗಾಳಿಕಿಂಡಿಯ ಕಡೆಯವು ತೆಳ್ಳಗೆ ಬಂದವು, ಕೆಲವು ಬರಲೇ ಇಲ್ಲ. ಆದರೂ ಅದು ಎದ್ದ ಬೆಳೆಯೇ. ಮಾವ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ದೊಡ್ಡ ಮಗನಿಗೆ ಕೇಳುವ ಹಾಗೆ ‘ತ್ವಾಟ ಇರ್ಲಿ’ ಎಂದರು. ನಾನು ಅಂದು ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಪಕ್ಕದಲ್ಲಿ ಕೂತ ಹೆಂಗಸು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು.

ಆಮೇಲೆ ನಮ್ಮ ಕೆಲಸ ಕನಕಪುರದ ಕಡೆಯ ಊರುಗಳಿಗೆ ಹೋಯಿತು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಅಲ್ಲಿಗೆ ಹೋದೆ. ಅಭ್ಯಾಸಬಲ, ಸೀದಾ ಹುಳದ ಮನೆಗೇ ನಡೆದೆ. ಹೊಸ್ತಿಲ ಮುಂದೆ ಗೋಣಿಚೀಲ ಇರಲಿಲ್ಲ. ಒಳಗೆ ಎರಡು ಮಂಚ, ಹಗ್ಗದ ಮೇಲೆ ಕಾರ್ಖಾನೆಯ ನೀಲಿ ಅಂಗಿ. ತೋಟದ ಕಡೆ ನೋಡಿದರೆ ಬರೀ ಕೆಂಪು ಮಣ್ಣು. ಹಾಗೇ ಜಗಲಿಯ ಮೇಲೆ ಕೂತುಬಿಟ್ಟೆ. ಮಾವ ಮಾತು ಮುರಿದರೇನೋ, ಭಾವ ಗೆದ್ದನೇನೋ, ಮತ್ತೆ ಹೊಗೆ ಬಂತೇನೋ ಎಂದು ಏನೇನೋ ಕೇಳಿದೆ. ಅವಳು ನೀರು ಕೊಟ್ಟು ಪಕ್ಕದಲ್ಲಿ ಕೂತಳು.

ಯಾರೂ ಕೀಳಿಸಲಿಲ್ಲ, ನಾನೇ ಕೀಳಿಸಿದೆ ಎಂದಳು. ಮಾವ ಬೇಡವೆಂದು ಎರಡು ದಿನ ಊಟ ಬಿಟ್ಟಿದ್ದರಂತೆ. ನನಗೆ ಸಿಟ್ಟು ಬಂತು. ಅಷ್ಟೆಲ್ಲ ಮಾಡಿ ಉಳಿಸಿಕೊಂಡದ್ದನ್ನು, ಗೆದ್ದಮೇಲೆ ಸೋತವರ ಹಾಗೆ ಯಾಕೆ ಬಿಟ್ಟೆ ಎಂದೆ.

"ಸೋತು ಬುಡ್ಲಿಲ್ಲ ಕಣಕ್ಕ. ಹೆದ್ರಿ ಬುಟ್ಟೆ."

ಯಾರಿಗೆ ಎಂದೆ. ಎದುರು ಮನೆಯ ಜಗಲಿಯಲ್ಲಿ ಆ ಹುಡುಗಿ ಕುಂಟಾಬಿಲ್ಲೆಯ ಮನೆ ಬರೆಯುತ್ತಿದ್ದಳು. ಇವಳು ಅತ್ತ ನೋಡುತ್ತಲೇ ಹೇಳಿದಳು.

"ಮಳೆ ಹಿಡ್ಕಂಡಾಗ ಆ ಮಗೀಗೆ ತಿರ್ಗಾ ಮೈ ಬೆಚ್ಗಾಯ್ತು. ನನ್ ಹುಳ ಆಗ ನಾಕ್ನೇ ಜ್ವರ ಎದ್ದಿದ್ದೊ. ಅವ್ರವ್ವ ಇಲ್ಲೇ, ನೀನ್ ಕೂತಿದ್ದೀಯಲ್ಲ, ಇಲ್ಲೇ ಕೂತ್ಕಂಡು ಅಳ್ತಾವ್ಳೆ. ನನ್ಗೆ ಆ ಮಗು ಗ್ಯಾಪ್ಕಕ್ಕೆ ಬರ್ನಿಲ್ಲ ಅಕ್ಕ. ಹೊಗೆ ಗ್ಯಾಪ್ಕಕ್ಕೆ ಬಂತು. ಮಿಸನ್ನು ಬಂದ್ಬುಟ್ರೆ ನನ್ ಹುಳದ ಗತಿ ಏನು, ಎಲ್ಲಿಂದ ಸೊಪ್ ತರ್ಲಿ, ಇದೇಯ ತಲೇಲಿ. ಅವ್ಳು ಅಳ್ತಾನೇ ಅವ್ಳೆ, ನಾನು ಗಾಳಿಕಿಂಡಿ ನೋಡ್ತಾ ಕೂತಿದ್ದೀನಿ."

ಅದು ಮಾಮೂಲಿ ಜ್ವರವಂತೆ, ನಾಲ್ಕು ದಿನದಲ್ಲಿ ಹುಡುಗಿ ಎದ್ದು ಓಡಾಡಿದಳಂತೆ. ಮಿಷನ್ನೂ ಬರಲಿಲ್ಲ, ಆ ಬೆಳೆಯೂ ಚೆನ್ನಾಗೇ ಬಂತಂತೆ. ಗೂಡು ಕಳಿಸಿದ ಮಾರನೆಯ ದಿನವೇ ತೋಟ ಕೀಳಿಸಲು ಆಳು ಕರೆಸಿದಳು. ಅಂದು ನನ್ನನ್ನು ನಾನೇ ಕಂಡು ಹೆದರಿದೆ ಎಂದಳು. ನನಗೆ ಕೆಂಗಲ್ಲಿನ ಹರಕೆ ನೆನಪಾಯಿತು.

ರಾಮನಗರದ ಗೋಡೆಯ ನಕಾಶೆಯಲ್ಲಿ ಈ ಬೀದಿಗೆ ಇನ್ನು ನನ್ನ ಹಸಿರು ಚುಕ್ಕೆ ಒಂದೂ ಇರುವುದಿಲ್ಲ ಎಂದು ಯೋಚಿಸುತ್ತಾ ಕೂತೆ. ಹುಡುಗಿ ಬಿಲ್ಲೆ ಎಸೆದು ಒಂಟಿಕಾಲಲ್ಲಿ ಕುಂಟುತ್ತಾ ನಮ್ಮ ಕಡೆ ಬಂದಳು. ಹತ್ತಿರ ಬಂದಾಗ ಒಮ್ಮೆ ಸೀನಿದಳು. ಇವಳು ತಟ್ಟನೆ ಎದ್ದು ಹೋಗಿ ಅವಳ ಹಣೆ ಮುಟ್ಟಿ ನೋಡಿದಳು, ಕತ್ತಿನ ಹತ್ತಿರ ಮುಟ್ಟಿ ನೋಡಿದಳು, ಮತ್ತೆ ಹಣೆ ಮುಟ್ಟಿದಳು. ಬಂದು ಕೂತಳು. ಈಗಲೂ ಹೆದರಿಕೆ ಹೋಗಿಲ್ಲವಲ್ಲ ಎಂದೆ.

"ಹೋಗಿಲ್ಲ ಕಣಕ್ಕ. ಈಗ ಮಗೀಗೆ ಜ್ವರ ಅಂದ್ರೆ ಮಗೀಗೋಸ್ಕರಾನೇ ಹೆದರ್ತೀನಿ, ಹುಳಕ್ಕಲ್ಲ."